ದಫ್ ಮತ್ತು ತಮಟೆ

(ಹುಲಿಯೂರುದುರ್ಗದಲ್ಲಿ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ದುರ್ಗದ ಬೆಟ್ಟದ ಕೆಳಗೆ ಬೆಳೆದ ನಿಮಗೆ ತಮಟೆಯ ಸದ್ದು ಹೊಸದಲ್ಲ. ಊರಹಬ್ಬವಿರಲಿ, ಬಾಬಯ್ಯನ ಹಬ್ಬವಿರಲಿ, ತಮಟೆ ಬಡಿದರೆ ಜನ ಸೇರುತ್ತಾರೆ. ಆದರೆ ಅದನ್ನು ಹತ್ತಿರದಿಂದ ನೋಡಿದವರು ನಿಮ್ಮಲ್ಲಿ ಎಷ್ಟು ಮಂದಿ?

ಮರದ ಅಥವಾ ಕಬ್ಬಿಣದ ಬಳೆಗೆ ಒಂದೇ ಬದಿಯಲ್ಲಿ ಚರ್ಮ ಬಿಗಿದರೆ ತಮಟೆ. ಹೆಗಲಿಗೆ ಇಳಿಬಿಟ್ಟು, ಎಡಗೈಯಲ್ಲಿ ತೆಳುವಾದ ಉದ್ದನೆಯ ಕಡ್ಡಿ, ಬಲಗೈಯಲ್ಲಿ ಗಿಡ್ಡ ಕೋಲು ಹಿಡಿದು ಬಾರಿಸುತ್ತಾರೆ. ಕೋಲು ಗತ್ತನ್ನು ಹಿಡಿದರೆ ಕಡ್ಡಿ ನಡುವಿನ ಸಂದುಗಳನ್ನು ತುಂಬುತ್ತದೆ. ಬಾರಿಸುವ ಮೊದಲು ಅದನ್ನು ಹುಲ್ಲು, ಒಣಗರಿಯ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ತೇವ ಆರಿ ಚರ್ಮ ಬಿಗಿಯಾದಾಗ ನಾದ ಏರುತ್ತದೆ. ಹೆಚ್ಚು ಕಾಯಿಸಿದರೆ ಚರ್ಮವೇ ಹರಿಯುತ್ತದೆ. ಎಷ್ಟು ಕಾವು ಸಾಕು ಎಂಬುದನ್ನು ತಟ್ಟಿ ನೋಡಿ ಕಿವಿಯಿಂದಲೇ ತಿಳಿಯುತ್ತಾರೆ. ಇದು ವಿದ್ಯೆಯಲ್ಲವೇ?

ನಮ್ಮ ದಫ್ ಇದರ ಹತ್ತಿರದ ನಂಟ. ಅದಕ್ಕೂ ಒಂದು ಬಳೆ, ಒಂದು ಬದಿ ಚರ್ಮ. ಕೋಲು ಮಾತ್ರ ಇಲ್ಲ. ಬೆರಳು ಮತ್ತು ಅಂಗೈಯಿಂದ ಬಾರಿಸುವುದು. ಅಂಚಿಗೆ ಬಡಿದರೆ ಚುರುಕು ನಾದ, ನಡುವೆ ಬಡಿದರೆ ಗಂಭೀರ ನಾದ. ದಕ್ಷಿಣ ಕನ್ನಡದ ಬ್ಯಾರಿಗಳಲ್ಲಿ ದಫ್ ತಂಡಗಳೇ ಇವೆ. ಈದ್ ದಿನ ಹಜ್ರತ್ ಆಯಿಷಾ (ರ) ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಾರಿಸುತ್ತಿದ್ದರು. ಹಜ್ರತ್ ಅಬೂಬಕರ್ (ರ) ಗದರಿದಾಗ, ಹಬ್ಬದ ದಿನ ಅವರನ್ನು ಬಿಟ್ಟುಬಿಡಿ ಎಂದು ಪ್ರವಾದಿವರ್ಯರು (ಸ) ಹೇಳಿದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಬೇರೆ ವಾದ್ಯಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಇಂದಿನ ನನ್ನ ವಿಷಯವಲ್ಲ.

ನನ್ನ ವಿಷಯ ಮನುಷ್ಯ. ತಮಟೆಯನ್ನು ತಲೆತಲಾಂತರದಿಂದ ಕಾಪಾಡಿದವರು ದಲಿತ ಬಂಧುಗಳು. ಅವರ ತಮಟೆ ಊರಿಗೆಲ್ಲ ಬೇಕಿತ್ತು, ಅವರು ಮಾತ್ರ ಹೊರಗೆ ನಿಲ್ಲಬೇಕಿತ್ತು. ಚಿಕ್ಕಂದಿನಲ್ಲಿ ನಾನೂ ಆ ಸದ್ದಿಗೆ ಕುಣಿದವನೇ. ಬಾರಿಸಿದವರು ಎಲ್ಲಿ ಕೂತು ಉಂಡರು ಎಂದು ಒಂದು ದಿನವೂ ಕೇಳಲಿಲ್ಲ. ನಮಾಜಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ನಾವಾದರೂ ಕೇಳಬೇಕಿತ್ತು.

ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಸರ್ಕಾರ ಕೊಟ್ಟ ಆ ಗೌರವವನ್ನು ನಮ್ಮ ಬೀದಿಯಲ್ಲಿ ನಾವು ಕೊಡುವುದು ಬೇಡವೇ?

ವಿದ್ಯಾರ್ಥಿಗಳೇ, ಮುಂದಿನ ಸಲ ತಮಟೆ ಕೇಳಿಸಿದಾಗ ಹತ್ತಿರ ಹೋಗಿ. ಬಾರಿಸುವ ಹಿರಿಯರ ಹೆಸರು ಕೇಳಿ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟ ಮಾಡಿ. ಅವರು ಒಪ್ಪಿದರೆ ಗತ್ತುಗಳನ್ನು ಕಲಿತು ಬರೆದಿಡಿ. ಪಕ್ಕದ ಮನುಷ್ಯನನ್ನು ಗೌರವಿಸಲು ಕಲಿಸದ ಓದು ಕಾಯಿಸದ ತಮಟೆಯಂತೆ. ಬಡಿದರೂ ನಾದ ಬರುವುದಿಲ್ಲ.

ಅಲ್ಲಾಹನು ನಮಗೆಲ್ಲ ಸದ್ಬುದ್ಧಿ ಕರುಣಿಸಲಿ. ವಸ್ಸಲಾಮ್.