ಗೋಪುರದ ಬುಡ, ಹುಣಸೆಮರದ ಬುಡ



ಭರಣಿ, ಕೃತ್ತಿಕಾ ಮಳೆಗಳ ಹೊತ್ತಿಗೆ ಶ್ರೀನಿವಾಸಪುರದ ತೋಪುಗಳಲ್ಲಿ ಮಾವು ಬಲಿಯುತ್ತಿರುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು ಕಡೆ ಕುರಿಮಂದೆಗಳು ಬಯಲಲ್ಲಿರುತ್ತವೆ. ಸಂಜೆ ಮೋಡ ಕಟ್ಟಿ ನಾಲ್ಕು ಹನಿ ಬಿದ್ದರೆ ಸಾಕು, ತೋಪು ಕಾಯುವವರೂ ಕುರಿ ಮೇಯಿಸುವವರೂ ಹತ್ತಿರದ ಹುಣಸೆಮರದ ಬುಡಕ್ಕೆ ಓಡುತ್ತಾರೆ. ಸಿಡಿಲಿಗೆ ಜನ ಸಿಕ್ಕಿಬೀಳುವುದು ಅಂಥ ಕಡೆಯೇ.

ಗುಡುಗಿದಾಗ ನಮ್ಮ ಹಿರಿಯರು ಅರ್ಜುನನ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರು. ಯುರೋಪಿನವರು ಸಿಡಿಲನ್ನು ಓಡಿಸಲು ಚರ್ಚಿನ ಗಂಟೆ ಬಾರಿಸುತ್ತಿದ್ದರು. ಊರಿಗೇ ಎತ್ತರವಾದ ಗೋಪುರ, ಅದರ ಬುಡದಲ್ಲಿ ಒದ್ದೆ ಹಗ್ಗ ಹಿಡಿದು ನಿಂತ ಮನುಷ್ಯ! 1784ರಲ್ಲಿ ಮ್ಯೂನಿಕ್‌ನಲ್ಲಿ ಅಚ್ಚಾದ ಪುಸ್ತಕವೊಂದು ಇದರ ಲೆಕ್ಕ ಕೊಟ್ಟಿತು: 33 ವರ್ಷಗಳಲ್ಲಿ 386 ಗೋಪುರಗಳಿಗೆ ಸಿಡಿಲು ಬಡಿದಿತ್ತು, ಗಂಟೆ ಬಾರಿಸುತ್ತಿದ್ದ 103 ಜನ ಸತ್ತಿದ್ದರು. ಆ ಹೊತ್ತಿಗಾಗಲೇ ಬೆಂಜಮಿನ್ ಫ್ರಾಂಕ್ಲಿನ್ ಮಿಂಚುವಾಹಕ ಕೊಟ್ಟು 30 ವರ್ಷ ಕಳೆದಿತ್ತು. ಅವನ ಪ್ರಯೋಗದ ಜಾಡು ಹಿಡಿದ ಗೇಯೋರ್ಗ್ ರಿಚ್‌ಮನ್ ಎಂಬ ವಿಜ್ಞಾನಿ 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಿಡಿಲನ್ನು ಅಳೆಯಲು ಹೋಗಿ ಪ್ರಾಣ ಬಿಟ್ಟ.

1769ರಲ್ಲಿ ಇಟಲಿಯ ಬ್ರೆಷಿಯಾದಲ್ಲಿ ಸಿಡಿಮದ್ದು ತುಂಬಿಟ್ಟಿದ್ದ ಕಡೆ ಸಿಡಿಲು ಬಡಿದು ಸುಮಾರು 3,000 ಜನ ಸತ್ತರೆಂದು ಹೇಳುತ್ತಾರೆ. ಅದು ಚರಿತ್ರೆಯಲ್ಲಿ ಉಳಿಯಿತು. ನಮ್ಮಲ್ಲಿ ಸಿಡಿಲು ಒಬ್ಬೊಬ್ಬರನ್ನೇ ಒಯ್ಯುತ್ತದೆ, ಪತ್ರಿಕೆಯ ಒಳಪುಟದ ನಾಲ್ಕು ಸಾಲಿಗೆ ಸುದ್ದಿ ಮುಗಿಯುತ್ತದೆ. 2022ರಲ್ಲಿ ಭಾರತದಲ್ಲಿ ಹೀಗೆ ಹೋದವರು 2,887 ಮಂದಿ. ವರ್ಷಕ್ಕೊಂದು ಬ್ರೆಷಿಯಾ ನಮ್ಮ ಹೊಲಗಳಲ್ಲೇ ನಡೆಯುತ್ತಿದೆ ಎಂದು ನನಗನ್ನಿಸುತ್ತದೆ.

ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೂ ಹಾರುತ್ತದೆ. ನೆಲಕ್ಕಿಳಿದ ಮೇಲೂ ಸುತ್ತ ಹರಿಯುತ್ತದೆ. ಕುರಿಯ ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚು. ವಿದ್ಯುತ್ತು ಒಂದು ಕಾಲಿಂದ ಹತ್ತಿ, ಎದೆ ಹಾಯ್ದು, ಇನ್ನೊಂದು ಕಾಲಿಂದ ಇಳಿಯುತ್ತದೆ. ಮಂದೆಗೆ ಮಂದೆಯೇ ಉರುಳುವುದು ಹೀಗೆ. 2016ರಲ್ಲಿ ನಾರ್ವೆಯಲ್ಲಿ 323 ಹಿಮಸಾರಂಗಗಳು ಒಂದೇ ಕಡೆ ಸತ್ತುಬಿದ್ದವು.

ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಈಗ ಮೊಬೈಲಿನಲ್ಲೇ ಮುನ್ಸೂಚನೆ ಕೊಡುತ್ತದೆ. ಮೊಬೈಲ್ ಇಲ್ಲದವರು ಮಿಂಚು ಕಂಡೊಡನೆ ಎಣಿಸಿ. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಒಳಗೇ ಇದೆ, ಮರ ಬಿಟ್ಟು ಗಟ್ಟಿ ಮನೆ ಸೇರಿ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯೂರಿ ಬಿಡದೆ ಒತ್ತುತ್ತಿರಿ, ಜೊತೆಗಿದ್ದವರಿಂದ 108ಕ್ಕೆ ಫೋನ್ ಮಾಡಿಸಿ.