ಕೋಟೆ ಹುಡುಕಿ ಮಠಕ್ಕೆ

ಬೆಳಗಿನ ಹೊತ್ತು ಮದ್ದೂರಿನಲ್ಲಿ ಇಳಿದು ‘ಕೋಟೆ ಎಲ್ಲಿದೆ?’ ಎಂದು ಕೇಳಿದವರಿಗೆ ವಡೆ ಅಂಗಡಿಯ ದಾರಿ ಸಿಕ್ಕೀತೇ ಹೊರತು ಕೋಟೆಯದ್ದಲ್ಲ. ಹೈದರಾಲಿ ಮತ್ತೆ ಕಟ್ಟಿಸಿದ ಆ ಕೋಟೆಯನ್ನು 1791ರಲ್ಲಿ, ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೊರಟಿದ್ದ ಲಾರ್ಡ್ ಕಾರ್ನ್‌ವಾಲಿಸ್ ಕೆಡವಿಸಿದನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಹೇಳುವುದೂ ಒಂದೇ ಉಸಿರಿನಲ್ಲಿ. ಊರಿಗೆ ಉಳಿದಿರುವುದು ಶಿಂಷಾ ನದಿ, ಉಗ್ರನರಸಿಂಹನ ಗುಡಿ, ಪೇಟೆ ಬೀದಿ. ಪೇಟೆ ಇದ್ದ ಮೇಲೆ ಕೋಟೆಯೂ ಇದ್ದಿರಲೇಬೇಕು ಎಂಬ ಲೆಕ್ಕಾಚಾರವಷ್ಟೇ ಹುಡುಕುವವರ ಪಾಲಿಗೆ.

ಮಳವಳ್ಳಿಯ ಕೋಟೆಗೆ ಕನಿಷ್ಠ ಒಬ್ಬ ಸಾಕ್ಷಿಯಾದರೂ ದಕ್ಕಿದ. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಡದ್ದು ದೊಡ್ಡದೊಂದು ಮಣ್ಣಿನ ಕೋಟೆ. ನಡುವೆ ಅಡ್ಡಗೋಡೆ ಹಾಕಿ ಅದನ್ನು ಎರಡು ಪಾಲು ಮಾಡಿದ್ದರು. ಹಿಂದೆ ಬ್ರಾಹ್ಮಣರು ವಾಸವಿದ್ದ ಮೇಲಿನ ಪಾಲು ಗಟ್ಟಿಯಾಗಿತ್ತು, ಕೆಳಗಿನದು ಹಾಳುಬಿದ್ದಿತ್ತು. ಪಕ್ಕದಲ್ಲಿ ಒಳ್ಳೆಯ ಕೆರೆ, ಅದರ ನೀರಿಗೆ ಸುಲ್ತಾನ ಬೆಳೆಸಿದ ಹಣ್ಣಿನ ತೋಟ. ಹೈದರಾಲಿ ಈ ಊರನ್ನು ಮಗ ಟಿಪ್ಪುವಿಗೆ ಜಹಗೀರಾಗಿ ಕೊಟ್ಟಿದ್ದ. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪುವಿನ ಪಡೆಗೂ ಕಾಳಗ ನಡೆದದ್ದೂ ಇಲ್ಲೇ. ಅಕ್ಕರೆಯ ಊರು ಶತ್ರುವಿಗೆ ಒದಗಬಾರದೆಂದು ಟಿಪ್ಪುವೇ ಅದನ್ನು ಹಾಳುಗೆಡವಿಸಿದನಂತೆ. ಮಣ್ಣಿನ ಗೋಡೆ ಬೇರೆ. ಕಾವಲು ತಪ್ಪಿ ನಾಲ್ಕು ಮಳೆಗಾಲ ಕಳೆದರೆ ಅದು ಹೊಲದ ಬದುವೋ ಮನೆಯ ಅಡಿಪಾಯವೋ ಆಗಿಬಿಡುತ್ತದೆ.

ಕೋಟೆ ಅಳಿದರೂ ಮಠ ಉಳಿದಿದೆ. ಇದೇ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ‘ಧರೆಗೆ ದೊಡ್ಡವರ’ ಗದ್ದುಗೆಯ ಮಠವಿದೆ. ಧರೆಗೆ ದೊಡ್ಡವರೆಂದರೆ ಈ ಸೀಮೆಯ ಜನಪದರು ಗುರುವೆಂದು ಹಾಡುವ ಮಂಟೇಸ್ವಾಮಿ. ಕಾವಿ, ಸಂನ್ಯಾಸ, ಸಂಸ್ಕೃತ ಪಾಠಶಾಲೆ ಇದ್ದರೇ ಮಠ ಎಂದುಕೊಂಡವರನ್ನು ಈ ಮಠ ತಬ್ಬಿಬ್ಬು ಮಾಡುತ್ತದೆ. ಪೀಠದಲ್ಲಿ ಕೂರುವವರು ಅರಸು ಮನೆತನದ ಗೃಹಸ್ಥರು. ಒಕ್ಕಲಲ್ಲಿ ದಲಿತರಿಂದ ಹಿಡಿದು ಉಪ್ಪಾರರು, ಕುರುಬರು, ಒಕ್ಕಲಿಗರವರೆಗೆ ಎಲ್ಲರೂ ಉಂಟು. ಇಲ್ಲಿನ ಶಾಸ್ತ್ರಗ್ರಂಥ ಇರುವುದು ಗುರುವಿನ ಕಥೆ ಹಾಡುವ ನೀಲಗಾರರ ಕಂಠದಲ್ಲಿ. ತಂಬೂರಿ, ಡಕ್ಕೆ, ತಾಳ, ಗಗ್ಗರ ಹಿಡಿದು ಕೂತರೆಂದರೆ ‘ಕಲ್ಯಾಣದ ಸಾಲು’, ‘ಹಲಗೂರ ಸಾಲು’ ಎಂದು ಸಾಲು ಸಾಲಾಗಿ ರಾತ್ರಿಯೆಲ್ಲ ಹಾಡುತ್ತಾರೆ. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕದಿಂದ ಈ ಕಥೆ ಪೇಟೆಯ ರಂಗಮಂದಿರಗಳಿಗೂ ಬಂತು.

ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಕುಷ್ಠರೋಗಿಯ ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಹೋಗಿ ಅಲ್ಲಿದ್ದವರ ಭಕ್ತಿಯನ್ನು ಒರೆಗೆ ಹಚ್ಚುತ್ತಾನೆ. ಸ್ಥಳೀಯರಿಗೆ ಹೆಚ್ಚು ಪ್ರೀತಿ ಹಲಗೂರ ಸಾಲು, ಅದು ತಮ್ಮೂರಿನದಲ್ಲವೇ! ಅಕ್ಕಸಾಲಿ, ಕಮ್ಮಾರರ ಕುಲದಿಂದ ಬಂದ ಶಿಷ್ಯ ಸಿದ್ದಪ್ಪಾಜಿಯನ್ನು ಗುರು ಮಂಟೇಸ್ವಾಮಿ ಹಲಗೂರಿನ ಪಾಂಚಾಳರ ಬಳಿಗೇ ಕಳಿಸುತ್ತಾನೆ, ಕಬ್ಬಿಣದ ಭಿಕ್ಷೆ ತಾ ಎಂದು. ಅನ್ನವಲ್ಲ, ಹೊನ್ನಲ್ಲ, ಕಬ್ಬಿಣ! ಕೋಟೆ ಆಳಿದವರಿಗೂ ಬೇಕಿದ್ದದ್ದು ಅದೇ. ಆದರೆ ಅವರು ಭಿಕ್ಷೆ ಬೇಡುತ್ತಿರಲಿಲ್ಲ. ಪಾಂಚಾಳರು ಸುಲಭಕ್ಕೆ ಬಗ್ಗುವುದಿಲ್ಲ, ಸಿದ್ದಪ್ಪಾಜಿಯನ್ನು ಪರೀಕ್ಷೆಯ ಮೇಲೆ ಪರೀಕ್ಷೆಗೆ ಒಡ್ಡುತ್ತಾರೆ. ಆ ಹಲಗೂರು ಇಂದಿಗೂ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ, ಅಲ್ಲಿಗೆ ಬಸ್ಸೂ ಇದೆ. ಹಾಡಿನಲ್ಲಿ ಬರುವ ಊರನ್ನು ಹುಡುಕಲು ಇಂಗ್ಲಿಷರ ದಿನಚರಿ ಬೇಕಿಲ್ಲ.

ಹೋದ ಕೋಟೆಗಾಗಿ ಇಂದು ಯಾರೂ ವಾದಕ್ಕೆ ನಿಲ್ಲುವುದಿಲ್ಲ. ಮಠದ ಮಾತು ಹಾಗಲ್ಲ. ಬನದ ಹುಣ್ಣಿಮೆಗೆ ಕಾವೇರಿಯಾಚೆ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಅಲ್ಲಿ ‘ಚಂದ್ರಮಂಡಲ’ವೆಂಬ ಕಟ್ಟಣೆಗೆ ಜ್ಯೋತಿ ಮುಟ್ಟಿಸುವ ಹಕ್ಕು ಬೊಪ್ಪೇಗೌಡನಪುರದ ಮಠದವರದು. ಆ ಜಾತ್ರೆಯ ಪಂಕ್ತಿಸೇವೆಯಲ್ಲಿ ಮಾಂಸದಡುಗೆ ಮಾಡಿ ಎಲ್ಲ ಜಾತಿಯವರೂ ಒಟ್ಟಿಗೆ ಉಣ್ಣುವ ಪದ್ಧತಿ ಹಿಂದಿನಿಂದ ಬಂದದ್ದು. ಇದು ಪ್ರಾಣಿಬಲಿ, ಕಾನೂನಿಗೆ ವಿರುದ್ಧ ಎಂದು ಆಡಳಿತ ತಡೆಯುತ್ತದೆ. ನಾವು ದೇವರಿಗೆ ಬಲಿ ಕೊಡುತ್ತಿಲ್ಲ, ಒಟ್ಟಿಗೆ ಕೂತು ಉಣ್ಣುತ್ತಿದ್ದೇವೆ ಎಂದು ಒಕ್ಕಲಿನವರು ಪಟ್ಟು ಬಿಡದೆ ಎದುರು ಹೇಳುತ್ತಾರೆ.