ಕೋಳಿಗೂಡಿನ ದಿಡ್ಡಿ ಬಾಗಿಲು



ಚಿತ್ರದುರ್ಗದವರಿಗೆ ಕಿಂಡಿಯ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಏಳು ಸುತ್ತಿನ ಕೋಟೆ ಕಟ್ಟಿ, ಬಾಗಿಲ ಮೇಲೆ ಬಾಗಿಲು ನಿಲ್ಲಿಸಿದರೂ ಬಂಡೆಗಳ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಸಂದು ಉಳಿದಿತ್ತು. ಹೈದರಾಲಿಯ ಸಿಪಾಯಿಗಳು ಆ ಸಂದಿನಿಂದಲೇ ಬಂದರೆಂಬುದು ನಾವೆಲ್ಲ ಕೇಳಿ ಬೆಳೆದ ಕಥೆ. ಅಂದು ಅಲ್ಲಿ ಓಬವ್ವ ಒನಕೆ ಹಿಡಿದು ನಿಂತಿದ್ದಳು, ಕೋಟೆ ಉಳಿಯಿತು. ಕಳೆದ ಮಾಘಮಾಸದಲ್ಲಿ ನಮ್ಮ ಹಿತ್ತಲಿನ ಪುಟ್ಟ ಕೋಟೆಗೆ ಶತ್ರು ನುಗ್ಗಿದಾಗ ಓಬವ್ವನೂ ಇರಲಿಲ್ಲ, ಒನಕೆಯೂ ಇರಲಿಲ್ಲ. ಬಾಗಿಲಿಗೆ ಚಿಲಕ ಕೂಡ ಹಾಕಿರಲಿಲ್ಲ.

ನಮ್ಮ ಮನೆ ಇರುವುದು ಊರಿನ ಅಂಚಿನ ಬಡಾವಣೆಯಲ್ಲಿ. ಹಿತ್ತಲ ಗೋಡೆಯಾಚೆ ನಾಲ್ಕು ಖಾಲಿ ನಿವೇಶನ, ಅದರಾಚೆ ಜಾಲಿಯ ಪೊದೆ, ಅದರಾಚೆ ಜೋಗಿಮಟ್ಟಿಯ ಕಡೆಗೆ ಏರುವ ಕಲ್ಲುಗುಡ್ಡ. ಮುಚ್ಚಂಜೆಯಾದರೆ ಗುಡ್ಡದ ಕಡೆಯಿಂದ ನರಿಗಳು ಊಳಿಡುವುದು ಕೇಳುತ್ತದೆ. ಅದನ್ನು ನಾವು ದೇವಸ್ಥಾನದ ಗಂಟೆಯ ಹಾಗೆ ಕೇಳಿಯೂ ಕೇಳದಂತೆ ಇದ್ದೆವು.

ಮನೆಯಲ್ಲಿ ಹನ್ನೊಂದು ಕೋಳಿಗಳಿದ್ದವು. ಎಂಟು ಗಿರಿರಾಜ, ಮೂರು ನಾಟಿ. ಬೆಂಗಳೂರಿನ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರು ಬೆಳೆಸಿದ ಆ ಗಿರಿರಾಜ ತಳಿಯನ್ನು ನೀವು ಬಲ್ಲಿರಿ. ಮೈ ತುಂಬಿಕೊಂಡ, ಸಾಧು ಸ್ವಭಾವದ ಕೋಳಿ. ಮರಿ ತಂದು, ಬಿದಿರು ಬುಟ್ಟಿಯಲ್ಲಿ ಬಲ್ಬಿನ ಕಾವು ಕೊಟ್ಟು ಸಾಕಿದವಳು ನನ್ನ ಹೆಂಡತಿ. ಮೊಟ್ಟೆ ಮಾರಿ ಬಂದ ಹಣ ಒಂದು ಡಬ್ಬಿಗೆ ಬೀಳುತ್ತಿತ್ತು. ಆ ಡಬ್ಬಿಯಿಂದ ಮಗಳ ಪುಸ್ತಕ ಬರುತ್ತಿತ್ತು. ಸಂಜೆ ಗೂಡಿನ ಬಾಗಿಲು ಹಾಕುವುದು ಮಾತ್ರ ಮನೆಯವರೆಲ್ಲರ ಸರದಿಯ ಕೆಲಸ.

ಆ ದಿನ ಒಂದು ಮದುವೆಗೆ ಹೋಗಿ ತಡವಾಗಿ ಬಂದೆವು. ಗೂಡು ಮುಚ್ಚಿದೆಯೇ ಎಂದು ನಾನು ಮಗನನ್ನು ಕೇಳಿದೆ. ಅವನು ತಂಗಿಯನ್ನು ಕೇಳಿದ. ಅವಳು ನಿದ್ದೆಗಣ್ಣಿನಲ್ಲಿ ‘ಹೂಂ’ ಎಂದಳು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ, ಹಾಗಾಯಿತು. ಎಲ್ಲರೂ ಮಲಗಿದೆವು.

ಬೆಳಿಗ್ಗೆ ಹಿತ್ತಲಿನಲ್ಲಿ ಸದ್ದೇ ಇರಲಿಲ್ಲ. ಹೊತ್ತು ಮೂಡುವಾಗ ಗೂಡು ಸುಮ್ಮನಿದ್ದರೆ ಏನೋ ಕೆಟ್ಟಿದೆಯೆಂದು ಕೋಳಿ ಸಾಕಿದವರಿಗೆ ಗೊತ್ತು. ಹೋಗಿ ನೋಡಿದರೆ ಗೂಡಿನ ಬಾಗಿಲು ತೆರೆದಿತ್ತು. ಒಳಗೆ ಐದು ಕೋಳಿ ಸತ್ತು ಬಿದ್ದಿದ್ದವು, ಮೂರು ಕಾಣೆಯಾಗಿದ್ದವು. ಗೋಡೆಯ ಬುಡದಲ್ಲಿ ಮಳೆನೀರು ಹೋಗಲೆಂದು ಬಿಟ್ಟ ಕಿಂಡಿಯವರೆಗೆ ಪುಕ್ಕದ ಸಾಲು. ಕಿಂಡಿಯ ಒರಟು ಕಲ್ಲಿಗೆ ಕಂದು ಕೂದಲು ಅಂಟಿತ್ತು. ನರಿಯ ಮುಖ ನೋಡಿ ಎದ್ದರೆ ಶುಭವೆನ್ನುತ್ತಾರೆ. ನಮಗೆ ಅದರ ಮುಖ ಕಾಣಲಿಲ್ಲ, ಹೆಜ್ಜೆ ಮಾತ್ರ ಕಂಡಿತು.

ಮೂರು ನಾಟಿ ಕೋಳಿಗಳು ಹೊಂಗೆಮರದ ಕೊಂಬೆಯ ಮೇಲೆ ಕುಳಿತಿದ್ದವು. ನಾಟಿ ಕೋಳಿ ಹಗುರ. ಕೊಂಬೆಗೆ ಹಾರಿ ಮಲಗುವ ಹಳೆಯ ಬುದ್ಧಿಯನ್ನು ಬಿಟ್ಟಿಲ್ಲ. ಮೈಭಾರದ ಗಿರಿರಾಜಕ್ಕೆ ಆ ಹಾರಾಟ ಸಾಧ್ಯವಿಲ್ಲ. ಅದಕ್ಕೆ ನಾವು ಹಾಕುವ ಬಾಗಿಲೇ ರಕ್ಷೆ.

ನನ್ನ ಹೆಂಡತಿ ಕೂಗಾಡಲಿಲ್ಲ. ಕೈಯಲ್ಲಿದ್ದ ಜೋಳವನ್ನು ಮರಳಿ ಡಬ್ಬಕ್ಕೆ ಸುರಿದು, ‘ನಿನ್ನೆ ಯಾರ ಸರದಿ?’ ಎಂದು ಕೇಳಿದಳು. ಮಗ ಸುಮ್ಮನಿದ್ದ, ಮಗಳು ಅಳುತ್ತಿದ್ದಳು. ನಾನು ನರಿಯನ್ನು ಬಯ್ಯತೊಡಗಿದೆ. ಆದರೆ ಸರದಿ ನನ್ನದಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಮಧ್ಯಾಹ್ನದವರೆಗೆ ಹೊತ್ತು ಹಿಡಿಯಿತು.

ತಿನ್ನುವುದಕ್ಕಾದರೆ ಒಂದನ್ನು ಕೊಂಡೊಯ್ಯಲಿ, ಎಲ್ಲವನ್ನೂ ಏಕೆ ಕೊಲ್ಲಬೇಕು ಎಂದು ಮಗಳು ಕೇಳಿದಳು. ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ಕಡಲಹಕ್ಕಿಗಳು ಗುಂಪಾಗಿ ನೆಲದ ಮೇಲೆ ಗೂಡು ಕಟ್ಟುವ ಒಂದು ಜಾಗವಿದೆ. ಅಲ್ಲಿ ಕತ್ತಲು ದಟ್ಟವಾದ ರಾತ್ರಿಗಳಲ್ಲಿ ಆ ದೇಶದ ಕೆಂಪು ನರಿ ಹಲವಾರು ಹಕ್ಕಿಗಳನ್ನು ಕೊಂದು, ತಿನ್ನದೆ ಬಿಟ್ಟುಹೋಗುತ್ತಿತ್ತು. ಹಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ ಇದನ್ನು ಗಮನಿಸಿ 1972ರಲ್ಲಿ ಪ್ರಬಂಧ ಬರೆದರು. ಅವರು ಕಂಡ ಕಾರಣ ಸರಳವಾದದ್ದು. ಬಯಲಿನಲ್ಲಿ ಒಂದು ಹಕ್ಕಿಯನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗುತ್ತವೆ. ಬೇಟೆ ತಾನಾಗಿ ಮುಗಿಯುತ್ತದೆ. ಹಕ್ಕಿಗಳು ಓಡಲಾರದೆ ಎದುರಿಗೇ ಉಳಿದರೆ ಬೇಟೆಯ ಪ್ರೇರಣೆಯೂ ಮುಗಿಯುವುದಿಲ್ಲ. ಹೊಟ್ಟೆಯ ಹಸಿವು ಒಂದು, ಹಿಡಿಯುವ ಚಟ ಇನ್ನೊಂದು. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು. ಗೂಡಿನ ನಾಲ್ಕು ಗೋಡೆಯ ನಡುವೆ ಅದು ರೆಕ್ಕೆ ಬಡಿಯುತ್ತದೆ, ಅಷ್ಟೆ. ನರಿಯನ್ನು ಒಳಗೆ ಬಿಟ್ಟ ಗೂಡು ಕೋಳಿಗೆ ಬೋನಾಗುತ್ತದೆ. ಹೆಚ್ಚಾದ ಬೇಟೆಯನ್ನು ಮಣ್ಣಿನಲ್ಲಿ ಹೂತಿಟ್ಟು ಮುಂದೆ ತಿನ್ನುವ ಅಭ್ಯಾಸವೂ ನರಿಗಳಿಗುಂಟು. ಹೊತ್ತು ಸಿಕ್ಕಿದ್ದರೆ ಉಳಿದ ಐದನ್ನೂ ಅದು ಒಂದೊಂದಾಗಿ ಸಾಗಿಸುತ್ತಿತ್ತೋ ಏನೋ.

ನಾವು ನರಿಯೆಂದು ಒಂದೇ ಹೆಸರಿನಿಂದ ಕರೆಯುವ ಪ್ರಾಣಿ ಎರಡು ಬಗೆ. ಸಂಜೆ ಗುಂಪಾಗಿ ಊಳಿಡುವುದು ದೊಡ್ಡದು. ಪುಸ್ತಕದವರು ಅದನ್ನು ಗುಳ್ಳೆನರಿ ಎನ್ನುತ್ತಾರೆ. ಇನ್ನೊಂದು ಬೆಕ್ಕಿಗಿಂತ ಸ್ವಲ್ಪವೇ ದೊಡ್ಡದು. ಬಾಲದ ತುದಿ ಕಪ್ಪು, ಬಯಲುಸೀಮೆಯ ಹುಲ್ಲುಗಾವಲಿನಲ್ಲಿ ವಾಸ. ಅದರ ಮುಖ್ಯ ಆಹಾರ ಇಲಿ, ಮಿಡತೆ, ಗೆದ್ದಲು, ಬಿದ್ದ ಹಣ್ಣು. ರೈತನಿಗೆ ಅದು ಸಂಬಳವಿಲ್ಲದ ಆಳು. ಗುಳ್ಳೆನರಿಯೂ ಇಲಿ ಹೆಗ್ಗಣಗಳನ್ನು ತಿಂದು, ಸತ್ತ ದನಕರುವನ್ನು ತೆರವು ಮಾಡಿ, ಊರಿಗೆ ಉಪಕಾರ ಮಾಡುತ್ತದೆ.

ಕೋಳಿ ಸತ್ತಲ್ಲೆಲ್ಲ ನರಿಯೇ ಬಂದಿರಬೇಕೆಂದೂ ಇಲ್ಲ. ಊರೊಳಗೆ ಬೀದಿನಾಯಿಯ ಕೈವಾಡವೇ ಎಷ್ಟೋ ಬಾರಿ ಇರುತ್ತದೆ. ಅದು ಹರಿದುಹಾಕಿ ಅಲ್ಲೇ ಬಿಟ್ಟು ಹೋಗುತ್ತದೆ. ಹಾಡುಹಗಲಿನಲ್ಲಿ ಕತ್ತು ಕಚ್ಚಿ ಕೊಂದಿದ್ದರೆ ಮುಂಗುಸಿಯನ್ನು ಅನುಮಾನಿಸಬಹುದು. ಮೊಟ್ಟೆ, ಹೂಮರಿಗಳು ಗುರುತಿಲ್ಲದೆ ಮಾಯವಾದರೆ ಹಾವು ಬಂದಿರಬಹುದು. ಕೋಪ ಇಳಿದ ಮೇಲೆ ನೆಲವನ್ನು ನೋಡಿ. ಶತ್ರು ಯಾರೆಂದು ತಿಳಿದರೆ ಯಾವ ಸಂದನ್ನು ಮುಚ್ಚಬೇಕೆಂಬುದು ತಿಳಿಯುತ್ತದೆ.

ನೆರೆಯವರೊಬ್ಬರು ಬಂದು, ಸತ್ತ ಕೋಳಿಗೇ ವಿಷ ಹಚ್ಚಿ ಇಡಿ ಎಂದರು. ಆ ಸಿಟ್ಟಿನಲ್ಲಿ ಅದು ನ್ಯಾಯವೆಂದೇ ತೋರಿತು. ಆದರೆ ವಿಷಕ್ಕೆ ನರಿ ಯಾವುದು, ಪಕ್ಕದ ಮನೆಯ ನಾಯಿ ಯಾವುದು, ಹದ್ದು ಕಾಗೆ ಯಾವುದು ಎಂಬ ಭೇದವಿಲ್ಲ. ಅಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಎರಡು ಬಗೆಯ ನರಿಗೂ ರಕ್ಷಣೆಯಿದೆ. ವಿಷ, ಉರುಲು, ಬಂದೂಕು ಎಲ್ಲವೂ ಅಪರಾಧ. ಸತ್ತವನ್ನು ಆಳವಾಗಿ ಹೂತು, ಮೇಲೆ ಸುಣ್ಣ ಚೆಲ್ಲಿ ಕಲ್ಲು ಹೇರಿದೆವು. ಪೊದೆಯಾಚೆ ಎಸೆದಿದ್ದರೆ ನರಿಗೆ ನಾವೇ ಔತಣ ಕಳಿಸಿದಂತಾಗುತ್ತಿತ್ತು. ಮಾಂಸದ ಕಸವನ್ನು ರಸ್ತೆಬದಿಗೆ ಸುರಿಯುವವರು ದಿನವೂ ಕಳಿಸುತ್ತಿರುವುದು ಇಂಥ ಔತಣವನ್ನೇ.

ಒಮ್ಮೆ ಊಟ ಸಿಕ್ಕಿದಲ್ಲಿಗೆ ನರಿ ಮತ್ತೆ ಬರುತ್ತದೆ. ಆದ್ದರಿಂದ ಮೊದಲ ರಾತ್ರಿಯಷ್ಟೇ ಎರಡನೆಯ ರಾತ್ರಿಯೂ ಅಪಾಯದ್ದು. ಆ ಸಂಜೆಗೆ ನನ್ನ ತಾಯಿಯ ಕ್ರಮವನ್ನೇ ಹಿಡಿದೆವು. ಮೂರು ನಾಟಿ ಕೋಳಿಗಳನ್ನು ನಡುಮನೆಯಲ್ಲಿ ಮಂಕರಿಯಡಿ ಮುಚ್ಚಿ, ಮೇಲೆ ಒರಳುಕಲ್ಲು ಇಟ್ಟೆವು. ಆ ವಾರದೊಳಗೆ ಗೂಡನ್ನು ಹೊಸದಾಗಿ ಕಟ್ಟಿದೆವು. ಅಂಗಡಿಯಲ್ಲಿ ಸಿಗುವ ತೆಳು ಕೋಳಿಜಾಲರಿ ಕೋಳಿಯನ್ನು ಒಳಗೆ ಹಿಡಿದೀತು. ಹಲ್ಲುಳ್ಳ ಪ್ರಾಣಿಯನ್ನು ಹೊರಗೆ ತಡೆಯಲಾರದು. ಒಂದು ಅಂಗುಲಕ್ಕೆ ಮೀರದ ಕಣ್ಣಿನ, ಬೆಸುಗೆ ಹಾಕಿದ ಗಟ್ಟಿ ಜಾಲರಿಯೇ ಬೇಕು. ಅದನ್ನು ನೆಲದೊಳಗೆ ಒಂದಡಿ ಇಳಿಸಬೇಕು. ಇಲ್ಲವೆ ಗೂಡಿನ ಸುತ್ತ ಒಂದೂವರೆ ಅಡಿ ಹೊರಕ್ಕೆ ಹಾಸಿ ಕಲ್ಲು ಮಣ್ಣು ಮುಚ್ಚಬೇಕು. ತೋಡುವ ಪ್ರಾಣಿ ಗೋಡೆಯ ಬುಡದಿಂದಲೇ ತೋಡುತ್ತದೆ. ಮೇಲ್ಗಡೆಯೂ ಮುಚ್ಚಿರಲಿ, ಕಾಡುಬೆಕ್ಕು ಬರುವುದು ಅಲ್ಲಿಂದ. ನೀರು ಹೋಗುವ ಕಿಂಡಿಗೆ ಕಬ್ಬಿಣದ ಸರಳು ಹಾಕಿಸಿ. ನರಿ ಎದುರಾದರೆ ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ, ಅದಕ್ಕೆ ಹುಚ್ಚು ರೋಗವಿರಬಹುದು. ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ ಕಾಲು ಗಂಟೆ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು.

ಉಳಿದ ಮೂರು ಕೋಳಿಗಳು ಹೆದರಿ ಕೆಲವು ದಿನ ಮೊಟ್ಟೆ ಇಡಲಿಲ್ಲ. ನನ್ನ ಹೆಂಡತಿ ಅವನ್ನು ಗದರಿಸಲೂ ಇಲ್ಲ, ಮುದ್ದಿಸಲೂ ಇಲ್ಲ. ಹೊತ್ತಿಗೆ ಸರಿಯಾಗಿ ಕಾಳು ನೀರು ಇಟ್ಟಳು. ಒಂದು ಬೆಳಿಗ್ಗೆ ಮಗಳು ಬೆಚ್ಚಗಿನ ಮೊಟ್ಟೆಯೊಂದನ್ನು ತಂದು ನನ್ನ ಕೈಯಲ್ಲಿಟ್ಟಳು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಮ್ಮವರು ನಗುತ್ತಾರೆ. ನಗಲಿ. ಒಮ್ಮೆ ಕೊಳ್ಳೆ ಹೋದ ಮೇಲಾದರೂ ಹಾಕಲೇಬೇಕಲ್ಲ? ನಮ್ಮ ಮನೆಯಲ್ಲಿ ಈಗ ಸರದಿ ಎಂಬುದಿಲ್ಲ. ಎಲ್ಲರ ಕೆಲಸವಾದದ್ದು ಯಾರ ಕೆಲಸವೂ ಆಗುವುದಿಲ್ಲವೆಂಬುದನ್ನು ಎಂಟು ಜೀವ ತೆತ್ತು ಕಲಿತೆವು. ಮುಚ್ಚಂಜೆಯಲ್ಲಿ ಗುಡ್ಡದ ಕಡೆ ಊಳು ಕೇಳಿದೊಡನೆ ನಾನೇ ಎದ್ದು ಹೋಗಿ, ಕೋಳಿಗಳನ್ನು ಎಣಿಸಿ, ಚಿಲಕ ಹಾಕಿ, ಒಮ್ಮೆ ಎಳೆದು ನೋಡಿ ಬರುತ್ತೇನೆ. ನರಿ ತನ್ನ ಕೆಲಸವನ್ನು ಒಂದು ದಿನವೂ ಮರೆಯುವುದಿಲ್ಲ. ನಿಮ್ಮ ಹಿತ್ತಲಿನಲ್ಲಿಯೂ ಕೋಳಿಗಳಿದ್ದರೆ, ಈ ಮಾತು ಮುಗಿದ ಕೂಡಲೆ ಎದ್ದು ಹೋಗಿ ಒಮ್ಮೆ ಬಾಗಿಲು ನೋಡಿ ಬನ್ನಿ.